ಮೊದಲ ದೋಣಿ ಬಿಡಿ, ಎರಡನೇ ದೋಣಿ ನೋಡಿ

ಹೋದ ಸಂಚಿಕೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ರೋಯಿಂಗ್ (ಹುಟ್ಟು ಹಾಕಿ ದೋಣಿ ಓಡಿಸುವ ಆಟ) ತಂಡಗಳ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಜಾಸ್ತಿ ಜನ ಕೇಳಿದ್ದು ಬರುವ ಸೀಸನ್ ಬಗ್ಗೆ, ಕೋಚ್‌ಗಳ ಬಗ್ಗೆ. ಒಬ್ಬರಂತೂ ಮೂರು ಪುಟ ತುಂಬಿಸಿ ಕೊನೆಗೆ ಪ್ರಶ್ನೆ ಕೇಳುವುದನ್ನೇ ಮರೆತಿದ್ದಾರೆ. ಉಳಿದವುಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ನನ್ನ ತಂಗಿಯ ಮಗಳು ಈ ವರ್ಷ ಅಮೆರಿಕದ ಒಂದು ವಿಶ್ವವಿದ್ಯಾಲಯ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿ "ಮಾವ, ನಾನು ರೋಯಿಂಗ್ ಟೀಮಿಗೆ ಸೇರಿಕೊಂಡೆ" ಅಂದಳು. ಅವಳು ಜನ್ಮದಲ್ಲಿ ಹುಟ್ಟು ಮುಟ್ಟಿದವಳಲ್ಲ. ಇದು ಹೇಗೆ ಸಾಧ್ಯ ಸಾರ್? ಏನೂ ಮೋಸ ಇಲ್ಲ ತಾನೆ?

ಉತ್ತರ: ಮೋಸ ಇಲ್ಲ, ಗಾಬರಿ ಬೇಡ. ಚೆಂಡು ಹಿಡಿಯಲು ಬಾರದವರನ್ನು ಬಾಸ್ಕೆಟ್‌ಬಾಲ್ ತಂಡಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ. ರೋಯಿಂಗ್‌ನಲ್ಲಿ ಸೇರಿಸಿಕೊಳ್ಳುತ್ತಾರೆ. ಹೀಗೆ ಬಂದವರನ್ನು ಅಲ್ಲಿ 'ವಾಕ್ ಆನ್' ಅನ್ನುತ್ತಾರೆ. ಎತ್ತರ ಇರಬೇಕು, ಕೈ ಉದ್ದ ಇರಬೇಕು, ಮೊದಲು ಈಜೋ ಓಟವೋ ಮಾಡಿದ್ದರೆ ಇನ್ನೂ ಒಳ್ಳೆಯದು. ಹುಟ್ಟು ಹಾಕುವುದನ್ನು ಆಮೇಲೆ ಕಲಿಸುತ್ತಾರೆ.

ಇಷ್ಟು ಜಾಗ ಎಲ್ಲಿಂದ ಬಂತು ಅಂದರೆ, ಅದರ ಹಿಂದೆ ಒಂದು ಕಾನೂನು ಇದೆ. 1972ರಲ್ಲಿ ಟೈಟಲ್ ನೈನ್ ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ ಅನ್ನುತ್ತದೆ ಅದು. ಅಮೆರಿಕನ್ ಫುಟ್‌ಬಾಲ್ ತಂಡ ಒಂದರಲ್ಲೇ ನೂರರ ಆಸುಪಾಸು ಹುಡುಗರು ಇರುತ್ತಾರೆ, ಅದಕ್ಕೆ ಜೋಡಿಯಾಗಿ ಹುಡುಗಿಯರ ತಂಡ ಇಲ್ಲ. ಆ ಲೆಕ್ಕ ಸರಿದೂಗಿಸಲು ಮಹಿಳಾ ರೋಯಿಂಗ್ ಹೇಳಿ ಮಾಡಿಸಿದ ಹಾಗಿತ್ತು, ಯಾಕೆಂದರೆ ಒಂದು ಎಂಟರ ದೋಣಿಗೇ ಒಂಬತ್ತು ಜನ ಬೇಕು: ಹುಟ್ಟು ಹಾಕಲು ಎಂಟು, ಚುಕ್ಕಾಣಿ ಹಿಡಿಯಲು 'ಕಾಕ್ಸ್' ಒಬ್ಬರು. 2025–26ರಿಂದ, ಕಾಲೇಜು ಆಟಗಾರರಿಗೆ ಹಣ ಕೊಡುವ ಬಗ್ಗೆ ಕೋರ್ಟಿನಲ್ಲಿ ಆದ ಹೊಸ ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ರೋಯಿಂಗ್ ತಂಡ 68 ಜನರನ್ನು ಮೀರುವಂತಿಲ್ಲ ಅಂತ ಮಿತಿ ಹಾಕಿದ್ದಾರೆ. ಮಿತಿಯೇ 68 ಅಂದರೆ ನೀವೇ ನೋಡಿ. ಆದರೆ ಮೊದಲು ಮಿತಿ ಇರದ ಕಡೆ ಇನ್ನೂ ದೊಡ್ಡ ತಂಡಗಳಿದ್ದವು, ಹಾಗಾಗಿ ಕೆಲವು ಕಡೆ ವಾಕ್ ಆನ್ ಹುಡುಗಿಯರಿಗೆ ಬಾಗಿಲು ಸ್ವಲ್ಪ ಚಿಕ್ಕದಾಗಿದೆ.

ಒಂದು ಮಾತು. ಸೇರಿದ್ದಾಳೆ ಅಂದಮಾತ್ರಕ್ಕೆ ಸ್ಕಾಲರ್‌ಶಿಪ್ ಬಂತು ಅಂತ ಊರಿಗೆಲ್ಲ ಹೇಳಬೇಡಿ. ವಾಕ್ ಆನ್ ಅಂದರೆ ಸಾಮಾನ್ಯವಾಗಿ ದುಡ್ಡಿಲ್ಲದೆ ಸೇರುವುದು.

ಪ್ರಶ್ನೆ: ಸೀಸನ್ ವಸಂತದಲ್ಲಿ ಅಂತೀರಿ. ಆದರೆ ಅಕ್ಟೋಬರ್‌ನಲ್ಲೇ ರೇಸ್ ನಡೆಯುತ್ತಲ್ಲ? ಅದು ಲೆಕ್ಕಕ್ಕಿಲ್ವಾ?

ಉತ್ತರ: ನಡೆಯುತ್ತದೆ, ಆದರೆ ಅದು ಬೇರೆ ಜಾತಿಯ ರೇಸ್. ಶರತ್ಕಾಲದಲ್ಲಿ ನಡೆಯುವುದು 'ಹೆಡ್ ರೇಸ್'. ದೋಣಿಗಳು ಅಕ್ಕಪಕ್ಕ ಓಡುವುದಿಲ್ಲ. ಒಂದರ ಹಿಂದೆ ಒಂದು ಬಿಡುತ್ತಾರೆ, ಗಡಿಯಾರದ ಮೇಲೆ ಲೆಕ್ಕ. ದೂರ ಐದು ಕಿಲೋಮೀಟರ್ ಸುಮಾರು. ಬಾಸ್ಟನ್ ಪಕ್ಕದ ಚಾರ್ಲ್ಸ್ ನದಿಯಲ್ಲಿ 1965ರಿಂದ ನಡೆಯುತ್ತಿರುವ ಹೆಡ್ ಆಫ್ ದ ಚಾರ್ಲ್ಸ್ ಇದರಲ್ಲಿ ಬಹಳ ಹೆಸರುವಾಸಿ. ಆ ನದಿಯಲ್ಲಿ ತಿರುವುಗಳು, ಕಲ್ಲಿನ ಸೇತುವೆಗಳು. ಎಷ್ಟು ಶಕ್ತಿ ಇದ್ದರೂ ಚುಕ್ಕಾಣಿ ಹಿಡಿದವರು ಒಂದು ಕಮಾನಿನ ಕೆಳಗೆ ತಪ್ಪು ಮಾಡಿದರೆ ಮುಗಿಯಿತು.

ವಸಂತದ ರೇಸ್ 2000 ಮೀಟರ್. ನೇರ ದಾರಿ, ದೋಣಿಗಳು ಸಾಲಾಗಿ ನಿಂತು ಒಟ್ಟಿಗೆ ಹೊರಡುತ್ತವೆ, ಎಂಟರ ದೋಣಿಗೆ ಆರು ನಿಮಿಷದ ಹಿಂದೆ ಮುಂದೆ ಆಟ ಮುಗಿದೇ ಹೋಗುತ್ತದೆ. ಮೇ ಮಧ್ಯದ ಹೊತ್ತಿಗೆ ಕಾನ್ಫರೆನ್ಸ್ (ವಿಶ್ವವಿದ್ಯಾಲಯಗಳ ಗುಂಪು) ಚಾಂಪಿಯನ್‌ಶಿಪ್‌ಗಳು, ಮೇ ಕೊನೆ ಅಥವಾ ಜೂನ್ ಮೊದಲ ವಾರ ರಾಷ್ಟ್ರೀಯ ಚಾಂಪಿಯನ್‌ಶಿಪ್. ಶರತ್ಕಾಲದ ರೇಸ್‌ಗೂ ವಸಂತದ ರೇಸ್‌ಗೂ ನಡುವೆ ಇರುವುದು ಚಳಿಗಾಲ. ಉತ್ತರದ ಊರುಗಳಲ್ಲಿ ನದಿಯೇ ಹೆಪ್ಪುಗಟ್ಟಿರುತ್ತದೆ. ಆಗ ತಂಡ ಒಳಗೆ ಎರ್ಗ್ ಯಂತ್ರದ ಮೇಲೆ, ಅಂದರೆ ನೆಲದ ಮೇಲೇ ಹುಟ್ಟು ಹಾಕಿದ ಹಾಗೆ ಎಳೆಯುವ ಯಂತ್ರ. ವರ್ಮಾಂಟ್‌ನ ಇಬ್ಬರು ಅಣ್ಣತಮ್ಮಂದಿರು 1976ರಲ್ಲಿ ಹುಟ್ಟು ಮಾಡಿ ಮಾರಲು ಶುರು ಮಾಡಿದ ಕಾನ್ಸೆಪ್ಟ್ 2 ಕಂಪನಿ 1981ರಲ್ಲಿ ಈ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಈಗ ಅದಿಲ್ಲದ ಬೋಟ್‌ಹೌಸ್ ಇಲ್ಲ ಅನ್ನಬಹುದು. ಅದರ ಮೇಲೆ 2000 ಮೀಟರ್ ಪರೀಕ್ಷೆ ಕೊಡುವುದು ಎಂಥ ಹಿಂಸೆ ಅನ್ನುವುದನ್ನು ಬರೆದು ತಿಳಿಸಲು ಆಗುವುದಿಲ್ಲ. ನಾನು ಕೊಟ್ಟಿದ್ದೇನೆ, ಮೂರನೇ ಐನೂರು ಮೀಟರ್‌ನಲ್ಲಿ ಯಂತ್ರ ಕಂಡುಹಿಡಿದವರಿಗೆಲ್ಲ ಶಾಪ ಹಾಕಿದ್ದೇನೆ.

ಪ್ರಶ್ನೆ: ಎರ್ಗ್‌ನಲ್ಲಿ ಯಾರು ಜೋರೋ ಅವರನ್ನೇ ಕೂರಿಸಿದರೆ ಆಯ್ತಲ್ಲ? ಕೋಚ್‌ಗೆ ಬೇರೆ ಏನು ಕೆಲಸ?

ಉತ್ತರ: ಎರ್ಗ್ ನೀರಲ್ಲಿ ತೇಲುವುದಿಲ್ಲ ಅನ್ನುವುದು ರೋಯಿಂಗ್‌ನವರ ಹಳೇ ಮಾತು. ಯಂತ್ರದ ಮೇಲೆ ರಾಕ್ಷಸನ ಹಾಗೆ ಎಳೆಯುವವರು ದೋಣಿಯಲ್ಲಿ ಕೂತರೆ ದೋಣಿ ಓಲಾಡಬಹುದು. ಎಂಟು ಹುಟ್ಟು ಒಂದೇ ಕ್ಷಣಕ್ಕೆ ನೀರಿಗೆ ಇಳಿಯಬೇಕು, ಒಂದೇ ಕ್ಷಣಕ್ಕೆ ಏಳಬೇಕು. ಒಬ್ಬರು ತಡ ಮಾಡಿದರೆ ಉಳಿದ ಏಳು ಜನ ಅವರನ್ನೂ ಹೊತ್ತುಕೊಂಡು ಹೋದ ಹಾಗೆ.

ಅದಕ್ಕೆ ಕೋಚ್‌ಗಳು 'ಸೀಟ್ ರೇಸ್' ಮಾಡಿಸುತ್ತಾರೆ. ನಾಲ್ವರ ಎರಡು ದೋಣಿ ಪಕ್ಕಪಕ್ಕ ಬಿಡುತ್ತಾರೆ. ಮೊದಲ ದೋಣಿ 1 ಸೆಕೆಂಡ್ ಮುಂದೆ ಬಂತು ಅಂದುಕೊಳ್ಳಿ. ನೀರಿನ ಮಧ್ಯೆಯೇ ದೋಣಿ ಹತ್ತಿರ ತಂದು, ಅದರಿಂದ ಒಬ್ಬರನ್ನು ಎಬ್ಬಿಸಿ ಇದಕ್ಕೆ, ಇದರಿಂದ ಒಬ್ಬರನ್ನು ಅದಕ್ಕೆ. ಮತ್ತೆ ಅಷ್ಟೇ ದೂರ, ಅಷ್ಟೇ ವೇಗದ ಸ್ಟ್ರೋಕ್ (ಹುಟ್ಟಿನ ಎಳೆತ). ಈಗ ಎರಡನೇ ದೋಣಿ 2 ಸೆಕೆಂಡ್ ಮುಂದೆ ಬಂದರೆ, ಒಟ್ಟು 3 ಸೆಕೆಂಡ್ ಆ ಕಡೆಯಿಂದ ಈ ಕಡೆಗೆ ವಾಲಿತು. ಬದಲಾದವರು ಇಬ್ಬರೇ. ಮೊದಲ ದೋಣಿಯಿಂದ ಎರಡನೆಯದಕ್ಕೆ ಬಂದವರೇ ಜೋರು, ಇನ್ನು ಹೇಳುವುದೇನಿದೆ! ಮುಂದೆ ಯಾರ ಹೆಸರು ಕರೆಯುತ್ತಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಎಲ್ಲರೂ ಸುಮ್ಮನೆ ಹುಟ್ಟು ಹಿಡಿದು ಕೂತು ಕಾಯುತ್ತಿರುತ್ತಾರೆ, ಜೊತೆಯಲ್ಲೇ ಇರುವ, ಒಂದೇ ರೂಮಿನಲ್ಲಿ ಮಲಗುವ ಗೆಳತಿಯ ಜಾಗಕ್ಕೆ ನಾವೇ ಹೋಗಬೇಕಾಗಬಹುದು. ಗಾಳಿ ತಿರುಗಿದರೆ, ದಣಿವಾಗಿದ್ದರೆ ಫಲಿತಾಂಶ ಸುಳ್ಳು ಹೇಳುತ್ತದೆ ಅನ್ನುವುದೂ ನಿಜ. ಆ ಸುಳ್ಳು ಯಾವುದು, ನಿಜ ಯಾವುದು ಅಂತ ಬಿಡಿಸುವುದೇ ಕೋಚ್ ಕೆಲಸ. ಮೋಟಾರು ದೋಣಿಯಲ್ಲಿ ಮೈಕ್ ಹಿಡಿದು ಕೂಗುವುದು ಕಣ್ಣಿಗೆ ಕಾಣುವ ಭಾಗ ಮಾತ್ರ.

ಪ್ರಶ್ನೆ: ಬರುವ ಸೀಸನ್‌ನಲ್ಲಿ ಯಾವ ಮಹಿಳಾ ತಂಡ ಗೆಲ್ಲುತ್ತದೆ? ನೇರವಾಗಿ ಹೇಳಿ, ಸುತ್ತಿ ಬಳಸಬೇಡಿ.

ಉತ್ತರ: ಭವಿಷ್ಯ ಹೇಳುವ ಅಂಗಡಿ ನನ್ನದಲ್ಲ. ಆದರೆ ಎಲ್ಲಿ ನೋಡಬೇಕು ಅಂತ ಹೇಳಬಲ್ಲೆ. ಎಲ್ಲರೂ ಮೊದಲ ಎಂಟರ ದೋಣಿ ನೋಡುತ್ತಾರೆ, ಫೋಟೋನೂ ಅವರದೇ ಬರುತ್ತದೆ. ನೀವು ಎರಡನೇ ದೋಣಿ ನೋಡಿ.

ಯಾಕೆ ಅಂದರೆ ಲೆಕ್ಕ ಹೀಗಿದೆ. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೇಲಿನ ದರ್ಜೆಯ, ಅಂದರೆ ಡಿವಿಷನ್ 1ರ ಚಾಂಪಿಯನ್‌ಶಿಪ್‌ಗೆ 22 ತಂಡ ಬರುತ್ತವೆ. ಪ್ರತಿ ತಂಡ ಮೂರು ದೋಣಿ ಇಳಿಸಬೇಕು: ಮೊದಲ ಎಂಟು, ಎರಡನೇ ಎಂಟು, ನಾಲ್ಕು. ಮೊದಲ ಎಂಟು ಗೆದ್ದರೆ 66 ಅಂಕ, ಒಂದೊಂದು ಸ್ಥಾನಕ್ಕೆ 3 ಅಂಕ ಇಳಿಯುತ್ತದೆ. ಎರಡನೇ ಎಂಟಕ್ಕೆ 44, ಇಳಿಯುವುದು 2. ನಾಲ್ಕಕ್ಕೆ 22, ಇಳಿಯುವುದು 1. ಈಗ ಒಂದು ತಂಡದ ಮೊದಲ ದೋಣಿ ಗೆದ್ದಿತು, ಎರಡನೆಯದು ಆರನೇ ಸ್ಥಾನ, ನಾಲ್ಕು ಎಂಟನೇ ಸ್ಥಾನ. 66, 34, 15, ಒಟ್ಟು 115. ಇನ್ನೊಂದು ತಂಡ ಒಂದು ರೇಸನ್ನೂ ಗೆಲ್ಲಲಿಲ್ಲ, ಮೂರರಲ್ಲೂ ಬರೀ ಮೂರನೇ ಸ್ಥಾನ. 60, 40, 20, ಒಟ್ಟು 120. ಕಪ್ ಯಾರಿಗೆ? ಒಂದೂ ಗೆಲ್ಲದವರಿಗೆ!

ಹಾಗಾಗಿ ಕೋಚ್ ತಲೆ ಕೆಡಿಸಿಕೊಳ್ಳುವುದು ಎಂಟು ಜನರ ಬಗ್ಗೆ ಅಲ್ಲ, ಕಾಕ್ಸ್‌ಗಳನ್ನೂ ಸೇರಿಸಿ ಇಪ್ಪತ್ತಮೂರು ಜನರ ಬಗ್ಗೆ. ಹದಿನೈದನೆಯ ಹುಡುಗಿ ಚಳಿಗಾಲದಲ್ಲಿ ಎಷ್ಟು ಸುಧಾರಿಸಿದಳು ಅನ್ನುವುದರ ಮೇಲೆ ಸೀಸನ್ ನಿಂತಿರುತ್ತದೆ. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಮೂರೂ ದೋಣಿ ಗೆದ್ದು 132ಕ್ಕೆ 132 ತೆಗೆದುಕೊಂಡಿತು. ಹಾಗೆ ಮೂರನ್ನೂ ಗುಡಿಸಿ ಹಾಕಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆಗ ಕೋಚ್ ಯಾಸ್ಮಿನ್ ಫಾರೂಕ್. ಅವರು ಬಂದು ಅದು ಮೊದಲ ಸೀಸನ್ ಅಷ್ಟೆ. 2009ರಲ್ಲಿ ಸ್ಟ್ಯಾನ್‌ಫರ್ಡ್‌ಗೂ ಅವರೇ ಚಾಂಪಿಯನ್‌ಶಿಪ್ ತಂದುಕೊಟ್ಟಿದ್ದರು.

ಏಪ್ರಿಲ್‌ನ ಸಣ್ಣಪುಟ್ಟ ರೇಸ್‌ಗಳಲ್ಲಿ ಎರಡನೇ ದೋಣಿಯ ಫಲಿತಾಂಶ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೇ ಕೊನೆಗೆ ತೆಗೆದು ನೋಡಿ.

ಪ್ರಶ್ನೆ: ದೋಣಿಯ ತುದಿಯಲ್ಲಿ ಕೂತು ಏನೂ ಮಾಡದೆ ಬರೀ ಕಿರುಚುವ ಪುಟ್ಟ ಮನುಷ್ಯ ಯಾರು? ಅಷ್ಟು ಭಾರ ಯಾಕೆ ಹೊರಬೇಕು?

ಉತ್ತರ: ಈ ಮಾತು ಯಾವ ಬೋಟ್‌ಹೌಸ್‌ನಲ್ಲೂ ಆಡಬೇಡಿ, ನೀರಿಗೆ ಎಸೆದಾರು! ಅವರು ಕಾಕ್ಸ್. ದೋಣಿ ತಿರುಗಿಸುವುದು ಅವರು. ಒಂಬತ್ತು ಜನರಲ್ಲಿ ಮುಂದೆ ಏನಿದೆ ಅಂತ ಕಾಣುವುದು ಅವರೊಬ್ಬರಿಗೇ. ಯಾರು ದಣಿದಿದ್ದಾರೆ, ಯಾವಾಗ ಹತ್ತು ಸ್ಟ್ರೋಕ್ ಜೋರಾಗಿ ಎಳೆಸಬೇಕು, ಪಕ್ಕದ ದೋಣಿ ಯಾವಾಗ ಕುಸಿಯುತ್ತದೆ ಅಂತ ತೀರ್ಮಾನ ಮಾಡುವುದು ಅವರೇ. ರೇಸ್ ನಡೆಯುವಾಗ ಕೋಚ್ ದಡದಲ್ಲಿ ಉಗುರು ಕಚ್ಚುತ್ತಾ ನಿಂತಿರುತ್ತಾರೆ, ಒಂದು ಮಾತು ಹೇಳುವಂತಿಲ್ಲ. ಭಾರ ಕಡಿಮೆ ಇದ್ದರೆ ಒಳ್ಳೆಯದು ನಿಜ, ಆದರೆ ತೀರಾ ಕಡಿಮೆ ಆಗುವಂತಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ 55 ಕೆಜಿ, ಕಡಿಮೆ ಬಿದ್ದರೆ ಆ ವ್ಯತ್ಯಾಸದ ತೂಕವನ್ನು ಜೊತೆಗೆ ಹೊರಬೇಕು. ಮೇಲೆ ಹೇಳಿದ ಯಾಸ್ಮಿನ್ ಫಾರೂಕ್ ಎರಡು ಒಲಿಂಪಿಕ್ಸ್‌ನಲ್ಲಿ ಕೂತಿದ್ದು ಇದೇ ಸೀಟಿನಲ್ಲಿ.

ಪ್ರಶ್ನೆ: ಗಂಡಸರ ರೋಯಿಂಗ್ ಎನ್‌ಸಿಎಎಯಲ್ಲಿ ಇಲ್ವಂತೆ, ಹೌದಾ?

ಉತ್ತರ: ಹೌದು. ಮಹಿಳೆಯರಿಗೆ ಎನ್‌ಸಿಎಎ ಚಾಂಪಿಯನ್‌ಶಿಪ್ 1997ರಲ್ಲಿ ಶುರುವಾಯಿತು. ಗಂಡಸರದ್ದು ಅದಕ್ಕಿಂತ ಹಳೆಯದು, 1895ರಿಂದ ಐಆರ್‌ಎ ರೆಗಾಟಾ (ರೆಗಾಟಾ ಅಂದರೆ ದೋಣಿ ಪಂದ್ಯಗಳ ಕೂಟ) ಅಂತ ಬೇರೆಯಾಗಿಯೇ ನಡೆಯುತ್ತಿದೆ. ಹಾರ್ವರ್ಡ್ ಮತ್ತು ಯೇಲ್ ಮೊದಲ ಸಲ ದೋಣಿ ಓಡಿಸಿದ್ದಂತೂ 1852ರಲ್ಲಿ. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಸ್ಪರ್ಧೆಯೇ ಅದು.

ಪ್ರಶ್ನೆ: ಟೈಟಲ್ ನೈನ್ ಕಾನೂನು ಬಂದ ಕೂಡಲೇ ಹುಡುಗಿಯರಿಗೆ ಎಲ್ಲ ಸಿಕ್ಕಿಬಿಡ್ತಾ? ನಂಬಿಕೆ ಬರುವುದಿಲ್ಲ... ನಮ್ಮ ಕಾಲದಲ್ಲಿ ಕಾಗದದ ಮೇಲೆ ಏನೇನೋ ಇರುತ್ತಿತ್ತು.

ಉತ್ತರ: ಸರಿಯಾಗಿ ಹಿಡಿದಿರಿ ಮೇಡಂ. 1976ರ ಯೇಲ್ ಕಥೆ ಕೇಳಿ. ಹುಡುಗಿಯರ ತಂಡಕ್ಕೆ ಬೋಟ್‌ಹೌಸ್‌ನಲ್ಲಿ ಸ್ನಾನದ ಮನೆಯೇ ಇರಲಿಲ್ಲ. ಅಭ್ಯಾಸ ಮುಗಿಸಿ, ಬೆವರು ಮತ್ತು ನದಿ ನೀರಿನಲ್ಲಿ ನೆನೆದು, ಚಳಿಯಲ್ಲಿ ಬಸ್ಸಿನಲ್ಲಿ ಕೂತು, ಹುಡುಗರು ಬಿಸಿನೀರಿನ ಸ್ನಾನ ಮುಗಿಸಿ ಬರುವ ತನಕ ಕಾಯಬೇಕು. ಕಾನೂನು ಬಂದು ಆಗಲೇ ನಾಲ್ಕು ವರ್ಷ! ಮಾರ್ಚ್ 3ರಂದು 19 ಹುಡುಗಿಯರು ಕ್ರೀಡಾ ಅಧಿಕಾರಿಯ ಕಚೇರಿಗೆ ಹೋಗಿ ಬಟ್ಟೆ ಕಳಚಿ ನಿಂತರು, ಮೈಮೇಲೆ 'ಟೈಟಲ್ ನೈನ್' ಅಂತ ಬರೆದುಕೊಂಡಿದ್ದರು. ನಾಯಕಿ ಕ್ರಿಸ್ ಅರ್ನ್ಸ್ಟ್ ಒಂದು ಹೇಳಿಕೆ ಓದಿದರು. ಪತ್ರಕರ್ತರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರಿಂದ ಸುದ್ದಿ ದೇಶವೆಲ್ಲ ಹಬ್ಬಿತು. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಮಹಿಳಾ ರೋಯಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು, ಕ್ರಿಸ್ ಅರ್ನ್ಸ್ಟ್ ಅಲ್ಲಿಯೂ ಹುಟ್ಟು ಹಾಕಿದರು.

ಪ್ರಶ್ನೆ: ಹಿಂದಕ್ಕೆ ಮುಖ ಮಾಡಿ ಕೂತರೆ ಎದುರಾಳಿ ಎಲ್ಲಿದ್ದಾರೆ ಅಂತ ತಿಳಿಯುವುದು ಹೇಗೆ?

ಉತ್ತರ: ನೀವು ಮುಂದಿದ್ದರೆ ಎಲ್ಲರೂ ಕಾಣುತ್ತಾರೆ, ಹಿಂದೆ ಬಿದ್ದರೆ ಯಾರೂ ಕಾಣುವುದಿಲ್ಲ. ಅದಕ್ಕೇ ಹೆಚ್ಚಿನ ತಂಡಗಳು ಶುರುವಿನಲ್ಲೇ ಮುನ್ನುಗ್ಗಲು ಸಾಯುತ್ತವೆ. ಆದರೆ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಹೋದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರಿಗೆ ಅದು ಆಗಲಿಲ್ಲ. ಲಯ ಕೊಡಬೇಕಾದ ಡಾನ್ ಹ್ಯೂಮ್‌ಗೆ ಕಾಯಿಲೆ, ಹೊರಡುವಾಗಲೇ ಹಿಂದೆ ಬಿದ್ದರು. ಆದರೂ ಕೊನೆಗೆ ಗೆದ್ದವರು ಅವರೇ. ಅವರ ಸಮಯ 6 ನಿಮಿಷ 25.4 ಸೆಕೆಂಡ್, ಇಟಲಿ 26.0, ಜರ್ಮನಿ 26.4. ಎಂಟು ಜನ ಎದುರಾಳಿಗಳ ಬೆನ್ನೂ ಕಾಣದೆ ಎಳೆಯುತ್ತಿದ್ದಾಗ, ಎಷ್ಟು ಹಿಂದಿದ್ದೇವೆ ಅಂತ ನೋಡುತ್ತಿದ್ದದ್ದು ಕಾಕ್ಸ್ ಬಾಬ್ ಮಾಕ್ ಒಬ್ಬರೇ.