ಗೋವಾದಿಂದ ಮೊಜಾಂಬಿಕ್ ಆಳಿದ್ದು ನಿಜವೇ?

ಪ್ರಶ್ನೆ: ಮೊಜಾಂಬಿಕ್ ದೇಶವನ್ನು ಒಂದು ಕಾಲಕ್ಕೆ ಗೋವಾದಿಂದಲೇ ಆಳುತ್ತಿದ್ದರೆಂದು ಇಲ್ಲಿನ ಹಿರಿಯರು ಹೇಳುವುದುಂಟು. ಇದು ನಿಜವೇ? ನಿಜವಾದರೆ, ಅಲ್ಲಿನ ಅರಸರು ನಾಲ್ಕು ಶತಮಾನ ಸುಮ್ಮನೆ ತಲೆಬಾಗಿದ್ದರೇ?
– ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಹಿರಿಯರ ಮಾತು ನಿಜ. 1752ರವರೆಗೆ ಮೊಜಾಂಬಿಕ್‌ನ ಪೋರ್ಚುಗೀಸ್ ಅಧಿಕಾರಿಗಳು ಗೋವಾದ ವೈಸ್‌ರಾಯ್‌ಗೆ ಅಧೀನರಾಗಿದ್ದರು. ಆದರೆ ಇಡೀ ದೇಶ ಅವರ ಕೈಯಲ್ಲಿತ್ತೆಂದು ತಿಳಿಯಬಾರದು; ಸೊಫಾಲಾ ಮತ್ತು ಮೊಜಾಂಬಿಕ್ ದ್ವೀಪದ ಕೋಟೆಗಳು, ಜಾಂಬೆಜಿ ನದಿಯ ದಂಡೆಯ ಸೆನಾ, ಟೆಟೆ ಪೇಟೆಗಳು, ಸುತ್ತಲಿನ ಕೆಲವು ಜಹಗೀರುಗಳು, ಇಷ್ಟೇ ಅವರ ಮುಖ್ಯ ನೆಲೆಗಳು.

ಒಳನಾಡಿಗೆ ಅವರನ್ನು ಸೆಳೆದದ್ದು ಈಗಿನ ಜಿಂಬಾಬ್ವೆಯ ಉತ್ತರ ಭಾಗದಲ್ಲಿದ್ದ ಮುತಾಪ ರಾಜ್ಯದ ಚಿನ್ನ. ಗುಜರಾತಿನ ಬಟ್ಟೆಯನ್ನೂ ಮಣಿಗಳನ್ನೂ ಕೊಟ್ಟು ಚಿನ್ನ, ದಂತ ಕೊಳ್ಳುತ್ತಿದ್ದ ಪೋರ್ಚುಗೀಸರು, ಅಲ್ಲಿನ ಪಟ್ಟದ ಜಗಳದಲ್ಲಿ ಕೈಹಾಕಿ, 1629ರಲ್ಲಿ ಮಾವುರ ಎಂಬವನನ್ನು ಸಿಂಹಾಸನಕ್ಕೇರಿಸಿ, ತಾನು ಪೋರ್ಚುಗಲ್ಲಿನ ಸಾಮಂತನೆಂದು ಅವನಿಂದ ಒಪ್ಪಂದ ಬರೆಸಿಕೊಂಡರು. ಈ ಮೇಲುಗೈ ಹೆಚ್ಚು ಕಾಲ ಉಳಿಯಲಿಲ್ಲ. 1690ರ ದಶಕದಲ್ಲಿ ಅಲ್ಲಿನ ರೋಜ್ವಿ ಜನರ ದೊರೆ ಚಾಂಗಮಿರೆ ದೊಂಬೊ ಪೋರ್ಚುಗೀಸರ ವ್ಯಾಪಾರದ ಠಾಣೆಗಳನ್ನು ಧ್ವಂಸಮಾಡಿ, ಒಳನಾಡಿನ ಪ್ರಸ್ಥಭೂಮಿಯಿಂದಲೇ ಅವರನ್ನು ಹೊರದೂಡಿದನು. 1698ರಲ್ಲಿ, ಈಗಿನ ಕೆನ್ಯಾದ ಕರಾವಳಿಯಲ್ಲಿದ್ದ ಅವರ ಮೊಂಬಾಸಾ ಕೋಟೆಯೂ ಓಮನ್ ಅರಬರ ಪಾಲಾಯಿತು. ಗೋವಾದಿಂದ ಹೋದ ನೆರವಿನ ಹಡಗುಗಳಿಗೂ ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಇದನ್ನು ತಲೆಬಾಗುವಿಕೆ ಎನ್ನಲು ನನಗೆ ಮನಸ್ಸು ಬಾರದು.

ಪರಿಸ್ಥಿತಿ ತಿರುಗಿದ್ದು 19ನೆಯ ಶತಮಾನದ ಕೊನೆಯಲ್ಲಿ. ಆಫ್ರಿಕದ ಹಂಚಿಕೆಯ ನಿಯಮ ಗೊತ್ತುಮಾಡಲು ಯುರೋಪಿನ ರಾಷ್ಟ್ರಗಳು ಅಲ್ಲಿನ ಒಬ್ಬ ಅರಸನನ್ನೂ ಕರೆಯದೆ ನಡೆಸಿದ 1884–85ರ ಬರ್ಲಿನ್ ಸಮ್ಮೇಳನದ ತರುವಾಯ, ಹಳೆಯ ಹಕ್ಕಿನ ಮಾತಿಗಿಂತ ನೆಲದ ಮೇಲಿನ ನಿಜವಾದ ಹಿಡಿತಕ್ಕೇ ಬೆಲೆ ಬಂದಿತು. ಬ್ರಿಟಿಷರು ಮುನ್ನುಗ್ಗುತ್ತಿದ್ದುದರಿಂದ ಕಳವಳಗೊಂಡ ಪೋರ್ಚುಗಲ್ ಒಳನಾಡಿಗೆ ಸೈನ್ಯ ನುಗ್ಗಿಸಿತು. ದಕ್ಷಿಣ ಮೊಜಾಂಬಿಕ್‌ನ ಗಾಜಾ ರಾಜ್ಯದ ದೊರೆ ಗುಂಗುನ್ಯಾನೆ 1895ರಲ್ಲಿ ಸೆರೆಯಾಗಿ, ದೂರದ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಿಗೆ ಗಡಿಪಾರಾಗಿ, 1906ರಲ್ಲಿ ಅಲ್ಲಿಯೇ ತೀರಿಕೊಂಡನು.

ಗೋವಾದವರು ಈ ಕಥೆಯಲ್ಲಿ ಬರಿಯ ಪ್ರೇಕ್ಷಕರಾಗಿರಲಿಲ್ಲ. ತಮ್ಮ ಊರಿನ ಹಿರಿಯರು ಈ ಭಾಗವನ್ನೂ ಹೇಳಿದ್ದಾರೋ ಇಲ್ಲವೋ! ಗೋವಾದಲ್ಲಿ ಹುಟ್ಟಿದ ಮಾನುವೆಲ್ ಆಂಟೋನಿಯೊ ಡಿ ಸೋಜಾ ಎಂಬಾತ ಜಾಂಬೆಜಿ ಸೀಮೆಯಲ್ಲಿ ಜಹಗೀರುದಾರನಾಗಿ, ಸ್ವಂತ ಪಡೆ ಕಟ್ಟಿ, ಅಲ್ಲಿನ ಬಾರುವೆ ಎಂಬ ರಾಜ್ಯವನ್ನು ವಶಪಡಿಸಿಕೊಂಡಿದ್ದನು. ಆ ರಾಜ್ಯ ತಿರುಗಿಬಿದ್ದಿತು. ಅದನ್ನು ಅಡಗಿಸಲು ಹೋದ ಈತ 1892ರಲ್ಲಿ ಹತನಾದನು. ಬಾರುವೆಯ ಜನ 1917ರಲ್ಲಿ ಮತ್ತೆ ದಂಗೆಯೆದ್ದರು. ಮೊದಲ ಮಹಾಯುದ್ಧದ ಸಾಮಾನು ಹೊರಲು ಗಂಡಸರನ್ನು ಬಲವಂತದಿಂದ ಹಿಡಿದೊಯ್ಯುತ್ತಿದ್ದುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.