ಸೊನೋಮಾ, ನಾಪಾ ಕಡೆಗೆ ಹೋದಾಗ ಕಟ್ಟಿಗೆ ಒಲೆಯ ಪಿಜ್ಜಾ ಊಟಕ್ಕೆ ಸಮಯ ಕೊಡಬಹುದೇ?

ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದು ದಿನದ ಮಟ್ಟಿಗೆ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ಕಡೆಗೆ ಹೊರಟಿರುವ ನೀವು, ವೈನರಿಗಳ ನಡುವೆ ಎರಡು ಗಂಟೆಯನ್ನು ಪಿಜ್ಜಾ ಊಟಕ್ಕೆ ಕೊಡುವುದು ಸರಿಯೇ, ಜೊತೆಗಿರುವ ಸಸ್ಯಾಹಾರಿಗಳು ಏನು ತಿನ್ನಬಹುದು, ಯಾವ ವೈನ್ ಹೊಂದುತ್ತದೆ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಬಹುದು, ಆದರೆ ಪಿಜ್ಜಾ ಮೇಜಿಗೆ ಬಂದ ಐದು ನಿಮಿಷದೊಳಗೆ ಅದನ್ನು ತಿಂದು ಮುಗಿಸುವುದಾದರೆ ಮಾತ್ರ.

ಈ ಷರತ್ತಿಗೆ ಕಾರಣ ಒಲೆಯಲ್ಲೇ ಇದೆ. ಕಟ್ಟಿಗೆಯಿಂದಾಗಿ ಪಿಜ್ಜಾಕ್ಕೆ ಹೊಗೆಯ ರುಚಿ ಬರುತ್ತದೆಂದು ಬಹಳ ಮಂದಿ ನಂಬಿದ್ದಾರೆ. ನನ್ನ ನಾಲಿಗೆಗಂತೂ ಅದು ಸಿಕ್ಕಿಲ್ಲ, ಸಿಗಲು ಅವಕಾಶವೂ ಕಡಿಮೆ. ಒಣಗಿದ ಓಕ್ ಅಥವಾ ಬಾದಾಮಿ ಮರದ ಕಟ್ಟಿಗೆ ಚೆನ್ನಾಗಿ ಹತ್ತಿಕೊಂಡ ಮೇಲೆ ಹೊಗೆ ಹೆಚ್ಚಿರುವುದಿಲ್ಲ, ಇದ್ದಷ್ಟೂ ಮೇಲಕ್ಕೇರಿ ಹೊರಗೆ ಹೋಗುತ್ತದೆ, ಪಿಜ್ಜಾವಾದರೋ ಒಳಗಿರುವುದೇ ಒಂದೆರಡು ನಿಮಿಷ. ಕಟ್ಟಿಗೆ ಕೊಡುವುದು ಶಾಖವನ್ನು. 1984ರಲ್ಲಿ ನೇಪಲ್ಸ್‌ನಲ್ಲಿ ಸ್ಥಾಪನೆಯಾದ ಪಿಜ್ಜಾ ಸಂಘದ ನಿಯಮದಂತೆ ನೇಪಲ್ಸ್ ಶೈಲಿಯ ಪಿಜ್ಜಾ ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 60ರಿಂದ 90 ಸೆಕೆಂಡುಗಳಲ್ಲಿ ಬೇಯಬೇಕು. ಮನೆಯ ಓವನ್ ಸಾಮಾನ್ಯವಾಗಿ 260ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೆಳಗಿನ ಕಲ್ಲಿನ ಬಿಸಿ ತಳವನ್ನೂ, ಗುಮ್ಮಟದಿಂದ ಇಳಿಯುವ ಬಿಸಿ ಮೇಲ್ಭಾಗವನ್ನೂ ಒಟ್ಟಿಗೇ ಬೇಯಿಸುವುದರಿಂದ ಹಿಟ್ಟಿನೊಳಗಿನ ನೀರು ಆರಿಹೋಗುವ ಮೊದಲೇ ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಒಳಗೆ ಮೆತ್ತಗೇ ಉಳಿಯುತ್ತದೆ. ಹಾಗೆ ಉಳಿದ ಅದೇ ತೇವ, ತಟ್ಟೆಯಲ್ಲಿ ಬಿಟ್ಟರೆ, ಹಬೆಯಾಗಿ ಹೊರಬಂದು ಗರಿಗರಿಯಾದ ಹೊರಪದರವನ್ನು ತೊಗಲಿನಂತೆ ಜಿಗುಟಾಗಿಸುತ್ತದೆ. ಆದ್ದರಿಂದ ನಾಲ್ಕು ಜನರಿದ್ದರೆ ನಾಲ್ಕು ಪಿಜ್ಜಾಗಳನ್ನು ಒಟ್ಟಿಗೆ ತರಿಸಬೇಡಿ. ಒಂದೊಂದಾಗಿ ಕಳುಹಿಸುವಂತೆ ಹೇಳಿ, ಪ್ರತಿಯೊಂದನ್ನೂ ಹಂಚಿಕೊಂಡು ತಿನ್ನಿ. ಫೋಟೋ ತೆಗೆಯುವವರಿಗೂ ಇದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಇಲ್ಲಿನ ಎಲ್ಲ ಒಲೆಗಳೂ ನೇಪಲ್ಸ್ ನಿಯಮವನ್ನು ಪಾಲಿಸುವುದಿಲ್ಲ. ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಅವರ ಷೇ ಪನೀಸ್ ರೆಸ್ಟೋರೆಂಟ್ 1980ರಲ್ಲಿ ಮಹಡಿಯ ಮೇಲೆ ತೆರೆದ ಕೆಫೆಯಲ್ಲಿ ಕಟ್ಟಿಗೆಯ ಪಿಜ್ಜಾ ಒಲೆ ಇತ್ತು. ಋತುವಿಗೆ ತಕ್ಕ ತರಕಾರಿಯನ್ನು ಪಿಜ್ಜಾದ ಮೇಲೆ ಹಾಕುವ ಕ್ಯಾಲಿಫೋರ್ನಿಯಾ ಶೈಲಿ ಬೆಳೆದದ್ದು ಇಂಥ ಅಡುಗೆಮನೆಗಳಿಂದಲೇ. ಸಸ್ಯಾಹಾರಿಗಳಿಗೆ ಇದು ಅನುಕೂಲ. ಆದರೂ ಚೀಸ್ ಬಗ್ಗೆ ಕೇಳಿ ತಿಳಿಯಬೇಕು: ಇಟಲಿಯ ಪಾರ್ಮಿಜಾನೊ ರೆಜ್ಜಾನೊ ತಯಾರಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಅಂದರೆ ಹಾಲನ್ನು ಗಟ್ಟಿಯಾಗಿಸುವ ಕಿಣ್ವ, ಕಡ್ಡಾಯ, ಹಾಗಾಗಿ ಅದನ್ನು ಬೆರೆಸಿದ ಪೆಸ್ಟೊ ಎಂಬ ಸೊಪ್ಪಿನ ಚಟ್ನಿ ಕೂಡ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಸಲ್ಲದು. ಸೀಸರ್ ಸಲಾಡ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ. ಟೊಮ್ಯಾಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಮಾತ್ರ ಇರುವ ಮರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ. ಒಲೆಯವನ ಕೈಗುಣವನ್ನು ಅಳೆಯುವುದಕ್ಕೂ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ವೈನ್ ವಿಷಯದಲ್ಲಿ, ನಾಪಾಕ್ಕೆ ಬಂದವರೆಲ್ಲ ಅಲ್ಲಿನ ಪ್ರಸಿದ್ಧ ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯೋನ್ ಅನ್ನೇ ಪಿಜ್ಜಾದೊಂದಿಗೂ ತರಿಸುತ್ತಾರೆ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶಕ್ಕೆ ಟೊಮ್ಯಾಟೊ ಹುಳಿ ಎದುರಾದಾಗ ಬಾಯಿ ಒಗರಾಗುತ್ತದೆ, ದುಬಾರಿ ಬಾಟಲಿಯೂ ತನ್ನ ಗುಣ ತೋರಿಸುವುದಿಲ್ಲ. ಕೆಂಪು ವೈನ್‌ಗಳಲ್ಲೇ ಹುಳಿಯ ಅಂಶ ಚೆನ್ನಾಗಿರುವ ಬಾರ್ಬೆರಾ, ಸ್ಯಾಂಜೊವೇಸೆ ಅಥವಾ ಸೊನೋಮಾದ ಡ್ರೈ ಕ್ರೀಕ್ ಕಣಿವೆಯ ಜಿನ್‌ಫ್ಯಾಂಡೆಲ್ ಇದಕ್ಕಿಂತ ಎಷ್ಟೋ ಮೇಲು. ಸೊನೋಮಾದಲ್ಲಿ ಇಟಲಿಯಿಂದ ವಲಸೆ ಬಂದವರ ಬೇರು ಹಳೆಯದು. ಆಸ್ಟಿ ಎಂಬಲ್ಲಿ ನೆಲೆಯೂರಿದ ಇಟಾಲಿಯನ್ ಸ್ವಿಸ್ ಕಾಲೊನಿ ಎಂಬ ವೈನ್ ಸಂಸ್ಥೆ 1881ರಷ್ಟು ಹಿಂದಿನದು. ಜಿನ್‌ಫ್ಯಾಂಡೆಲ್ ಮತ್ತು ದಕ್ಷಿಣ ಇಟಲಿಯ ಪ್ರಿಮಿಟೀವೊ ಒಂದೇ ದ್ರಾಕ್ಷಿ ತಳಿಯೆಂದು ಡಿಎನ್ಎ ಪರೀಕ್ಷೆಯಿಂದ ಖಚಿತವಾಗಿದೆ. ಅದರಲ್ಲಿ ಆಲ್ಕೋಹಾಲ್ ಅನೇಕ ವೇಳೆ ಶೇಕಡಾ 15ರ ಹತ್ತಿರವಿರುತ್ತದೆ ಎಂಬುದನ್ನು ಕಾರು ಓಡಿಸುವವರು ನೆನಪಿಡಬೇಕು.

ಎಲ್ಲಿಗೆ ಹೋಗುವುದೆಂದರೆ, ಜನಜಂಗುಳಿ ಕಡಿಮೆ ಇರುವ ಉತ್ತರ ಸೊನೋಮಾವನ್ನೇ ನಾನು ಸೂಚಿಸುತ್ತೇನೆ. ಹೀಲ್ಡ್ಸ್‌ಬರ್ಗ್‌ನಿಂದ ಸ್ವಲ್ಪವೇ ಮೇಲಿರುವ ಗೈಸರ್‌ವಿಲ್‌ನ ಡಿಯಾವೊಲಾ ಇಂಥ ಒಲೆಗೆ ಹೆಸರಾದ ಜಾಗ. ಅಲ್ಲೇ ಹದಗೊಳಿಸುವ ಮಾಂಸವೂ ಅದರ ವಿಶೇಷವಾದ್ದರಿಂದ ಸಸ್ಯಾಹಾರಿಗಳು ಪಟ್ಟಿಯನ್ನು ಮೊದಲೇ ನೋಡಿಕೊಳ್ಳಲಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಕೊಯ್ಲಿನ ವಾರಾಂತ್ಯಗಳಲ್ಲಿ ಮೇಜು ಕಾಯ್ದಿರಿಸದೆ ಹೋಗಬೇಡಿ. ಎಲ್ಲೇ ಆದರೂ ಬಾಗಿಲು ತೆರೆದ ಹೊತ್ತಿಗೇ ತಲುಪುವುದು ಉತ್ತಮ, ಏಕೆಂದರೆ ಒಂದರ ಹಿಂದೊಂದು ಪಿಜ್ಜಾ ಇಳಿದಂತೆ ಒಲೆಯ ಕಲ್ಲು ತಣಿಯುತ್ತ ಹೋಗಿ, ಗದ್ದಲದ ಹೊತ್ತಿನಲ್ಲಿ ತಳ ಸರಿಯಾಗಿ ಬೇಯದೆ ಉಳಿಯುವುದುಂಟು. ಹೊಟ್ಟೆ ತುಂಬಿದ ಮೇಲೆ ವೈನ್ ಸವಿಯಲು ಹೋಗುವುದು ಕೂಡ ಕ್ಷೇಮ.

ಪಟ್ಟಿಯಲ್ಲಿ ಕಾಣುವ ಬೆಲೆಯ ಮೇಲೆ ತೆರಿಗೆ, ಶೇಕಡಾ 18ರಿಂದ 20ರಷ್ಟು ಟಿಪ್ ಸೇರುತ್ತದೆ. ವೈನರಿಯಲ್ಲಿ ಕೊಂಡ ಬಾಟಲಿಯನ್ನೇ ಒಯ್ಯುವುದಾದರೆ ಹೊರಗಿನ ಬಾಟಲಿ ತೆರೆದು ಬಡಿಸಲು ರೆಸ್ಟೋರೆಂಟ್ ಪಡೆಯುವ ಕಾರ್ಕೇಜ್ ಶುಲ್ಕ ಎಷ್ಟೆಂದು ಫೋನಿನಲ್ಲಿ ವಿಚಾರಿಸಿ. ರೆಸ್ಟೋರೆಂಟಿನಲ್ಲಿ ಊಟದ ಜೊತೆ ಕೊಂಡ ಬಾಟಲಿ ಮುಗಿಯದಿದ್ದರೆ ಮತ್ತೆ ಬಿರಡೆ ಹಾಕಿಸಿಕೊಂಡು ಮನೆಗೆ ಒಯ್ಯಲು ಕ್ಯಾಲಿಫೋರ್ನಿಯಾ ಕಾನೂನು ಬಿಡುತ್ತದೆ. ಕಾರಿನಲ್ಲಿ ಮಾತ್ರ ಅದನ್ನು ಸೀಟಿನ ಬಳಿ ಇಡದೆ ಡಿಕ್ಕಿಯಲ್ಲೇ ಇಡಬೇಕು.