ಸಂಪಾದಕರ ಉತ್ತರ: ಸುಕಾಫಾ ಮತ್ತು ಅವನ 25 ವರ್ಷ

ಸಿದ್ದಾಪುರದ ಕಡೆಯ ಭತ್ತದ ಕೃಷಿಕರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ, ಅಹೋಮ್ ರಾಜ್ಯ ಕಟ್ಟಿದ ಸುಕಾಫಾ 1228ರಲ್ಲಿ ಅಸ್ಸಾಮನ್ನು ಗೆದ್ದ ಎಂದಿದ್ದೀರಿ. ಜೊತೆಗಿದ್ದವರು 9,000 ಎಂದೂ ನೀವೇ ಬರೆದಿದ್ದೀರಿ. ಹೆಂಗಸರು, ಮಕ್ಕಳನ್ನು ಬಿಟ್ಟರೆ ಉಳಿಯುವವರೆಷ್ಟು? ಅಷ್ಟರಲ್ಲಿ ನಾಡು ಗೆಲ್ಲುವುದುಂಟೇ? ಅವರ ತಾಯ್ ಭಾಷೆ, ಅಂದರೆ ಥಾಯ್ಲೆಂಡಿನ ನುಡಿಯ ಬಳಗದ ಭಾಷೆ, ಎಲ್ಲಿಗೆ ಹೋಯಿತು?’

ಗೆಲ್ಲಲಿಲ್ಲ ಸ್ವಾಮಿ, ತಪ್ಪು ನಮ್ಮದು. ಆ ಪದ ನನ್ನ ಕಣ್ಣೆದುರೇ ಅಚ್ಚಿಗೆ ಹೋಯಿತು. ಚೀನಾದ ಯುನ್ನಾನ್ ಮತ್ತು ಬರ್ಮಾ ಗಡಿಯ ಮಾಂಗ್ ಮಾವೊ ಸೀಮೆಯಿಂದ ಹೊರಟ ಸುಕಾಫಾ ಪಾಟ್ಕಾಯಿ ಬೆಟ್ಟ ದಾಟಿ ಬ್ರಹ್ಮಪುತ್ರ ಕಣಿವೆಗೆ ಬಂದದ್ದು 1228ರಲ್ಲಿ. 9,000 ಎನ್ನುವುದು ಪರಂಪರೆಯ ಲೆಕ್ಕ.

ಆಮೇಲಿನದು ಬರೀ ಅಲೆದಾಟ. ನಾಮ್ರೂಪ್, ಟಿಪಾಮ್, ಅಭಯಪುರ, ಹಾಬುಂಗ್. ಒಂದೆಡೆ ಗದ್ದೆ ಮಾಡಿಕೊಂಡರೆ ನೆರೆ ಬಂತು. ಗಂಟುಮೂಟೆ ಕಟ್ಟಿ ಇನ್ನೊಂದೆಡೆ ಹೋದರೆ ಅಲ್ಲೂ ನೆರೆ. ಚರಾಯ್‌ದೇವ್‌ನಲ್ಲಿ ರಾಜಧಾನಿ ಕಟ್ಟುವಾಗ 1253. ಜಾಗ ಹುಡುಕಲು 25 ವರ್ಷ ಏಕೆ ಬೇಕಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ: ಗದ್ದೆಯಲ್ಲಿ ನೀರು ನಿಲ್ಲಬೇಕು, ಪೈರು ಮುಳುಗಬಾರದು. ಬದು ಕಟ್ಟಿ ಸಸಿ ನಾಟಿ ಮಾಡುವುದು ತಾಯ್ ಜನರ ಕಸುಬು. ಸುತ್ತಲಿನ ಗುಡ್ಡಗಳಲ್ಲಿ ನಡೆಯುತ್ತಿದ್ದದ್ದು ಕಾಡು ಕಡಿದು ಸುಟ್ಟು ಬಿತ್ತುವ, ನಿಮ್ಮ ಕಡೆಯ ಕುಮರಿಯಂಥ ಬೇಸಾಯ.

ಅಲ್ಲಿದ್ದ ಮೊರಾನ್, ಬರಾಹಿ ಜನರೊಂದಿಗೆ ಅವನು ಸ್ನೇಹ ಬೆಳೆಸಿದ, ನಂಟಸ್ತನ ಮಾಡಿದ. ಅರಮನೆಗೆ ಕಟ್ಟಿಗೆ ತರುವ ಕೆಲಸ ಮೊರಾನರಿಗೆ, ಅಡುಗೆ, ಉಗ್ರಾಣ ಬರಾಹಿಗಳಿಗೆ. ಕತ್ತಿಯಿಂದ ಮಣಿಸಿದವರ ಕೈಯಲ್ಲಿ ಯಾವ ಅರಸ ತಾನೇ ಊಟ ಮಾಡಿಯಾನು? ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಇದೇ ಉತ್ತರ.

ಹಾಗೆಂದು ಸಾಧುವೇನಲ್ಲ. ಪಾಟ್ಕಾಯಿ ದಾಟುವಾಗ ಅಡ್ಡ ಬಂದ ನಾಗಾಗಳನ್ನು ಕೊಂದು, ಆ ಮಾಂಸವನ್ನು ಅವರ ಬಂಧುಗಳಿಗೇ ತಿನ್ನಿಸಿದನಂತೆ. ಹೇಳುವವರು ವೈರಿಗಳಲ್ಲ, ಅಹೋಮರದೇ ಚರಿತ್ರೆಗಳಾದ ಬುರಂಜಿಗಳು. ತಮ್ಮ ಮೂಲಪುರುಷನ ಬಗ್ಗೆ ಇಂಥದ್ದನ್ನೂ ಬರೆದಿಟ್ಟರಲ್ಲ ಎಂದು ನನಗೆ ಬುರಂಜಿಗಳ ಮೇಲೆ ವಿಶೇಷ ಗೌರವ.

ಭಾಷೆಯ ವಿಷಯ. ಅಹೋಮರು ಕ್ರಮೇಣ ಆಳಿಸಿಕೊಂಡವರ ಅಸ್ಸಾಮಿಯನ್ನೇ ಆಡತೊಡಗಿದರು. ಬುರಂಜಿಗಳೂ ಅಸ್ಸಾಮಿಗೆ ಹೊರಳಿದವು. ತಾಯ್ ಉಳಿದದ್ದು ಪುರೋಹಿತ ಮನೆತನಗಳ ಹಸ್ತಪ್ರತಿಗಳಲ್ಲಿ, ಪೂಜೆಯಲ್ಲಿ. ಮುಂದೆ ರಾಜರಿಗೂ ಎರಡೆರಡು ಹೆಸರು, ಒಂದು ತಾಯ್, ಒಂದು ಹಿಂದೂ: ಸುಹುಂಗ್‌ಮುಂಗ್ ಎಂಬಾತನೇ ಸ್ವರ್ಗನಾರಾಯಣ.

ಸುಕಾಫಾ ತೀರಿಕೊಂಡದ್ದು 1268ರಲ್ಲಿ. ವಂಶದ ಆಳ್ವಿಕೆ ಹತ್ತೊಂಬತ್ತನೇ ಶತಮಾನದವರೆಗೂ ನಡೆಯಿತು. ಚರಾಯ್‌ದೇವ್‌ನ ರಾಜಸಮಾಧಿಗಳು, ಅಂದರೆ ಮೊಯ್ದಾಮ್‌ಗಳೆಂಬ ಮಣ್ಣಿನ ದಿಬ್ಬಗಳು, 2024ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿವೆ.

ಕಳೆದ ಸಂಚಿಕೆ ಇಟ್ಟುಕೊಂಡವರು ‘ಗೆದ್ದ’ ಎಂಬಲ್ಲಿ ‘ಬಂದಿಳಿದ’ ಎಂದು ತಿದ್ದಿಕೊಳ್ಳಬೇಕಾಗಿ ಕೋರಿಕೆ.